ಸಂಚಗಾರ ಕೊಡುವ ಮೊದಲೇ ವಕೀಲರನ್ನು ಕಾಣಿರಿ

ಮಾನ್ಯ ಸಂಪಾದಕರೇ,

ನಗರದ ಆಸ್ತಿಗಳ ನೋಂದಣಿಗೆ 2024ರ ಅಕ್ಟೋಬರ್‌ನಲ್ಲಿ ಇ–ಖಾತಾ ಕಡ್ಡಾಯವಾದ ಮೇಲೆ ಕೊಪ್ಪಳ, ರಾಯಚೂರು, ಬಳ್ಳಾರಿ ಭಾಗದಲ್ಲಿ ಒಂದು ಮಾತು ಮೇಲಿಂದ ಮೇಲೆ ಕಿವಿಗೆ ಬೀಳುತ್ತಿದೆ: ‘ಇ–ಖಾತಾ ಐತಿ, ಇಸಿ (ಋಣಭಾರ ಪ್ರಮಾಣ ಪತ್ರ) ಐತಿ, ಮತ್ತ ವಕೀಲರು ಯಾಕ ಬೇಕು?’ ದಲ್ಲಾಳಿ ತೋರಿಸಿದ ಮನೆ ಮೆಚ್ಚಿಗೆಯಾಗುತ್ತದೆ, ಅವರೇ ಕರೆದೊಯ್ದ ಕಡೆ ಕರಾರು ಪತ್ರ ಬರೆಸಿ ಲಕ್ಷಗಟ್ಟಲೆ ಸಂಚಗಾರ, ಅಂದರೆ ಮುಂಗಡ, ಕೊಟ್ಟದ್ದೂ ಆಗುತ್ತದೆ. ಆಮೇಲೆ ‘ಒಂದ್ಸಲ ಕಾಗದ ನೋಡ್ರಿ ಸರ್’ ಎಂದು ವಕೀಲರ ಕಚೇರಿಯ ಮೆಟ್ಟಿಲು ಹತ್ತುತ್ತಾರೆ. ಅಷ್ಟೊತ್ತಿಗೆ ತಡವಾಗಿರುತ್ತದೆ. ಕಾಗದದಲ್ಲಿ ದೋಷ ಸಿಕ್ಕರೂ ಹಣ ವಾಪಸ್ ಬರುವುದು ಕಷ್ಟ, ಹಣ ಹೋದೀತೆಂಬ ಹೆದರಿಕೆಗೆ ದೋಷವಿದ್ದ ಮನೆಯನ್ನೇ ಕೊಂಡವರು ಬಹಳ.

ಖಾತಾ ಎನ್ನುವುದು ತೆರಿಗೆಯ ದಾಖಲೆ. ಯಾರ ಹೆಸರಿಗೆ ತೆರಿಗೆ ಕಟ್ಟಬೇಕೆಂದು ಅದು ಹೇಳುತ್ತದೆ, ಮಾಲೀಕತ್ವವನ್ನು ಅದು ಹುಟ್ಟಿಸುವುದಿಲ್ಲ. ಉಪ ನೋಂದಣಾಧಿಕಾರಿಗಳೂ ಮಾರುವವರ ಹಕ್ಕು ಸರಿ ಇದೆಯೇ ಎಂದು ತೀರ್ಮಾನಿಸುವುದಿಲ್ಲ. ಆ ಜವಾಬ್ದಾರಿ ಪೂರ್ತಿ ಕೊಳ್ಳುವವರದ್ದು. ಅದನ್ನು ಅವರ ಪರವಾಗಿ ಹೊರಲು ಒಬ್ಬರು ಬೇಕು.

ಆ ಒಬ್ಬರು ಯಾರೆಂಬಲ್ಲೇ ಗೊಂದಲ ಹೆಚ್ಚು. ಪತ್ರ ಬರಹಗಾರರು ಅನುಭವಸ್ಥರು, ಪತ್ರವನ್ನು ಅಚ್ಚುಕಟ್ಟಾಗಿ ಬರೆಯುತ್ತಾರೆ. ಆದರೆ ಹಿಂದಿನ ಮೂವತ್ತು ವರ್ಷದ ಹಕ್ಕಿನ ಸರಪಳಿ ಪರಿಶೀಲಿಸುವುದು ಅವರ ಕೆಲಸವಲ್ಲ, ಅದಕ್ಕೆ ಅವರಿಗೆ ಯಾರೂ ಹಣ ಕೊಟ್ಟಿರುವುದೂ ಇಲ್ಲ. ಎರಡನೆಯವರು ಬ್ಯಾಂಕಿನ ಪ್ಯಾನೆಲ್ ವಕೀಲರು. ‘ಬ್ಯಾಂಕಿನವ್ರು ಲೋನ್ ಕೊಟ್ಟಾರ, ಅಂದ್ರ ಕಾಗದ ಚೊಕ್ಕ ಐತಿ’ ಎಂದು ಜನ ನಿಶ್ಚಿಂತರಾಗುತ್ತಾರೆ. ಆ ವಕೀಲರು ವರದಿ ಬರೆಯುವುದು ಬ್ಯಾಂಕಿಗೆ. ಸಾಲ ವಸೂಲಾದೀತೇ ಎಂಬುದು ಅವರ ಪ್ರಶ್ನೆ. ಮನೆಯ ಬೆಲೆಯ ಅರ್ಧಕ್ಕಷ್ಟೇ ಸಾಲವಿದ್ದರೆ, ನಿಮ್ಮ ಪಾಲಿನ ಇನ್ನರ್ಧ ಮುಳುಗಿದರೂ ಬ್ಯಾಂಕು ಸುರಕ್ಷಿತವಾಗಿರಬಹುದು. ಮೂರನೆಯವರು ಮಾರುವವರ ಅಥವಾ ಲೇಔಟ್ ಮಾಲೀಕರ ವಕೀಲರು. ‘ಇಬ್ಬರ ಕೆಲಸಾನೂ ಇವರೇ ಮಾಡ್ತಾರ, ಖರ್ಚು ಉಳೀತದ’ ಎಂಬ ಮಾತಿಗೆ ದಯವಿಟ್ಟು ಮರುಳಾಗಬೇಡಿ. ಒಂದು ವ್ಯವಹಾರದಲ್ಲಿ ಒಬ್ಬರಿಗೆ ಸಲಹೆ ಕೊಟ್ಟ ವಕೀಲರು ಅದೇ ವಿಷಯದಲ್ಲಿ ಎದುರಿನವರ ಪರ ನಿಲ್ಲುವಂತಿಲ್ಲ ಎಂದು ಬಾರ್ ಕೌನ್ಸಿಲ್ ನಿಯಮವೇ ಇದೆ.

ಸ್ಥಳೀಯ ವಕೀಲರೇ ಯಾಕೆ ಎಂಬುದಕ್ಕೆ ನಮ್ಮ ಭಾಗದಲ್ಲಿ ಬೇರೆಲ್ಲೂ ಇಲ್ಲದಷ್ಟು ಗಟ್ಟಿ ಕಾರಣವಿದೆ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ಆಡಳಿತದಲ್ಲಿತ್ತು. ಅಲ್ಲಿನ ಹಳೆಯ ಸೆಟ್ಲ್‌ಮೆಂಟ್ ರಿಜಿಸ್ಟರುಗಳು ಇಂಗ್ಲಿಷಿನವು, ಖರೀದಿ ಪತ್ರಗಳಲ್ಲಿ ತೆಲುಗಿನವು ಸಾಕಷ್ಟು. ರಾಯಚೂರು, ಕೊಪ್ಪಳಗಳು ನಿಜಾಮರ ಸಂಸ್ಥಾನದಲ್ಲಿದ್ದವು, ಕೊಪ್ಪಳವಂತೂ ಸಾಲಾರ್‌ಜಂಗ್ ಜಹಗೀರು. ಇಲ್ಲಿ ಸೇತ್ವಾರ್ (ಹಳೆಯ ಭೂಮಾಪನ ದಾಖಲೆ), 1954–55ರ ಖಾಸ್ರಾ ಪಹಣಿ, ಉರ್ದು ಖರೀದಿ ಪತ್ರ, ಇನಾಂ (ಉಂಬಳಿ) ಜಮೀನಿನ ಸನದು ಎಲ್ಲವೂ ಎದುರಾಗುತ್ತವೆ. ತಾರೀಖು ಫಸಲಿಯಲ್ಲಿ, ಅಂದರೆ ಆಗಿನ ಕಂದಾಯ ವರ್ಷದ ಲೆಕ್ಕದಲ್ಲಿ, ಇರುತ್ತದೆ. ಅದಕ್ಕೆ 590 ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ಸಿಗುತ್ತದೆ, ಫಸಲಿ 1358 ಎಂದರೆ 1948–49. ಬೆಂಗಳೂರಿನ ದೊಡ್ಡ ಕಚೇರಿಯೊಂದು ಇಂಥ ಹಾಳೆ ಕಂಡರೆ ‘ಹಳೆಯ ದಾಖಲೆ, ಓದಲಾಗಿಲ್ಲ’ ಎಂದು ಅಡಿಟಿಪ್ಪಣಿ ಹಾಕಿ ಮುಂದೆ ಹೋಗಬಹುದು. ಆ ಹಾಳೆಯಲ್ಲೇ ಜಾಗ ಇನಾಂ ಎಂದಿದ್ದರೆ, ಇನಾಂ ರದ್ದತಿಯ ನಂತರ ಅದು ಯಾರಿಗೆ ಮರುಮಂಜೂರಾಯಿತು ಎಂಬ ಆದೇಶ ಸಿಗುವವರೆಗೆ ಮುಂದಿನ ಯಾವ ಖರೀದಿ ಪತ್ರಕ್ಕೂ ಬುಡವಿಲ್ಲ. ಆದ್ದರಿಂದ ಮೊದಲ ಭೇಟಿಯಲ್ಲೇ ಕೇಳಿ: ಉರ್ದು ಅಥವಾ ತೆಲುಗು ಪತ್ರ ಬಂದರೆ ಯಾರು ಓದುತ್ತಾರೆ? ಭಾಷಾಂತರ ಬರವಣಿಗೆಯಲ್ಲಿ ಕೊಡುತ್ತೀರಾ? ಬಾಯಿಮಾತಿನ ಭಾಷಾಂತರ ನಾಳೆ ಕೆಲಸಕ್ಕೆ ಬರುವುದಿಲ್ಲ.

ಇನ್ನು ಇಸಿ, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ವಹಿವಾಟುಗಳನ್ನು ತೋರಿಸುವ ಋಣಭಾರ ಪ್ರಮಾಣ ಪತ್ರ. ವಹಿವಾಟುಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಈ ನಮೂನೆ 16 ಕಂಡ ಕೂಡಲೇ ಜನರಿಗೆ ಸಮಾಧಾನವಾಗುತ್ತದೆ. ಆದರೆ ಹುಡುಕಿದ್ದು ಯಾವ ನಂಬರಿನಿಂದ? ಹಳೇ ಊರಿನ ಮನೆಗೆ ಮೊದಲೊಂದು ವಾರ್ಡ್ ನಂಬರ್ ಇತ್ತು, ವಾರ್ಡ್ ಬದಲಾದಾಗ ಇನ್ನೊಂದು ಬಂತು, ಈಗ ಇ–ಖಾತಾದ ಉದ್ದನೆಯ ಆಸ್ತಿ ಸಂಖ್ಯೆ. ಹೊಸ ಸಂಖ್ಯೆಯಿಂದ ಮಾತ್ರ ಹುಡುಕಿದರೆ 1998ರ ಅಡಮಾನ ಪತ್ರ ಕಾಣುವುದೇ ಇಲ್ಲ, ಯಾಕೆಂದರೆ ಅದು ಕೂತಿರುವುದು ಹಳೇ ನಂಬರಿನ ಕೆಳಗೆ. ಕೆಲಸ ಬಲ್ಲ ವಕೀಲರು ಪ್ರತಿ ಹಳೇ ನಂಬರು, ಪ್ರತಿ ಹಿಂದಿನ ಮಾಲೀಕರ ಹೆಸರು ಮತ್ತು ಚಕ್ಕಬಂದಿ (ಸುತ್ತಲಿನ ಗಡಿ) ಹಿಡಿದು ಬೇರೆಬೇರೆಯಾಗಿ ಹುಡುಕಿಸುತ್ತಾರೆ. ಕಂಪ್ಯೂಟರಿನಲ್ಲಿ ಸಿಗುವುದು 2004ರ ಆಸುಪಾಸಿನಿಂದ ಈಚಿನದು. ಅದಕ್ಕೂ ಹಿಂದಿನದಕ್ಕೆ ಕಚೇರಿಯ ಸೂಚಿ ಪುಸ್ತಕಗಳನ್ನೇ ತೆಗೆಸಬೇಕು. ‘ಹದಿಮೂರು ವರ್ಷದ ಇಸಿ ಸಾಕು’ ಎನ್ನುವವರನ್ನು ನಾನಂತೂ ಶಿಫಾರಸು ಮಾಡಲಾರೆ. ಅಡಮಾನ ಬಿಡಿಸಿಕೊಳ್ಳುವ ದಾವೆಗೆ ಕಾನೂನು ಕೊಡುವ ಕಾಲವೇ 30 ವರ್ಷ.

ಎಷ್ಟೇ ಚೆನ್ನಾಗಿ ಹುಡುಕಿದರೂ ಇಸಿಯಲ್ಲಿ ಬರುವುದು ನೋಂದಣಿಯಾದದ್ದು ಮಾತ್ರ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಮಾಡಿಕೊಂಡ ವಾಟಣಿ (ಪಾಲು) ಅದರಲ್ಲಿರುವುದಿಲ್ಲ. ನೋಂದಣಿಯಾಗದ ಮರಣಶಾಸನ ಇರುವುದಿಲ್ಲ. ಮುಸ್ಲಿಂ ಕುಟುಂಬದ ಮನೆಯಾದರೆ ಹಿಬಾ (ದಾನ) ಬಾಯಿಮಾತಿನಲ್ಲೇ ಆಗಬಹುದು: ದಾನದ ಘೋಷಣೆ, ಸ್ವೀಕಾರ, ಕಬ್ಜಾ ಈ ಮೂರಿದ್ದರೆ ಅದು ಸಿಂಧು. ರಾಯಚೂರಿನ ಹಳೇ ಓಣಿಗಳ ಮನೆ ಕೊಳ್ಳುವಾಗ ಇದನ್ನು ಕೇಳಿ ತಿಳಿಯಲೇಬೇಕು. ಮೂಲ ಪತ್ರಗಳನ್ನು ಒತ್ತೆಯಿಟ್ಟು ಪಡೆದ ಸಾಲವೂ ಎಷ್ಟೋ ಸಲ ಇಸಿಯಲ್ಲಿ ಕಾಣುವುದಿಲ್ಲ. ಆದ್ದರಿಂದ ‘ಮೂಲ ಪತ್ರ ಕಳದೈತಿ, ಜೆರಾಕ್ಸ್ ಐತಿ’ ಎಂದವರ ಮುಂದೆ ಸಂಚಗಾರದ ಕಟ್ಟು ತೆಗೆಯಬೇಡಿ. ನಡೆಯುತ್ತಿರುವ ದಾವೆಯಂತೂ ಇಸಿಯಲ್ಲಿ ಸಾಮಾನ್ಯವಾಗಿ ಬರುವುದಿಲ್ಲ, ಆದರೆ ದಾವೆ ನಡೆಯುವಾಗ ಕೊಂಡವರನ್ನು ಅದರ ತೀರ್ಪು ಕಟ್ಟಿಹಾಕುತ್ತದೆ. ಮಾರುವವರು, ಅವರ ತಂದೆ, ಅಣ್ಣತಮ್ಮಂದಿರ ಹೆಸರುಗಳನ್ನು ಇ–ಕೋರ್ಟ್ಸ್ ಜಾಲತಾಣದಲ್ಲಿ ಹಾಕಿ, ಕಾಗುಣಿತ ಬದಲಿಸಿ ಬದಲಿಸಿ ನೋಡಬೇಕು. ಸಹಾಯಕ ಆಯುಕ್ತರ ಕಚೇರಿಯ ಪ್ರಕರಣಗಳಿಗೆ ಖುದ್ದಾಗಿ ಹೋಗಿ ವಿಚಾರಿಸುವುದು ಮೇಲು. ಊರಲ್ಲೇ ಇರುವ ವಕೀಲರಿಗೆ ಇದು ಅರ್ಧ ದಿನದ ಕೆಲಸ.

ನಮ್ಮಲ್ಲಿ ಮನೆ ವ್ಯವಹಾರ ಹೆಚ್ಚು ಕೆಡುವುದು ವಾರಸುದಾರರ ಸಹಿಯಲ್ಲಿ. ತಂದೆ ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆ, ಮರಣಶಾಸನ ಬರೆಯದೆ ತೀರಿಕೊಂಡರು ಎನ್ನಿ. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತೀರಿಕೊಂಡವರ ತಾಯಿ ಬದುಕಿದ್ದರೆ ಆ ಅಜ್ಜಿಗೂ ಸಮಪಾಲು. ಅಜ್ಜಿಯನ್ನು ಮರೆಯುವವರೇ ಹೆಚ್ಚು. ಪಿತ್ರಾರ್ಜಿತವಾದರೆ 2005ರ ತಿದ್ದುಪಡಿಯಂತೆ ಮಗಳೂ ಹುಟ್ಟಿನಿಂದಲೇ ಪಾಲುದಾರಳು. ತಂದೆ ಆ ತಿದ್ದುಪಡಿಗೆ ಮೊದಲೇ ತೀರಿಕೊಂಡಿದ್ದರೂ ಈ ಹಕ್ಕು ಉಂಟೆಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ಪಾಲುಪಟ್ಟಿಗೆ ವಿನಾಯಿತಿ ಇದೆ, ಹಾಗಾಗಿ ಆ ಪಾಲುಪಟ್ಟಿಯ ತಾರೀಖನ್ನು ಬೆರಳಿಟ್ಟು ನೋಡಬೇಕು. ‘ಅಕ್ಕತಂಗೇರಿಗೆ ಮದುವ್ಯಾಗ ಬಂಗಾರ ಕೊಟ್ಟೀವಿ, ಅವರ ಸಹಿ ಬೇಕಿಲ್ಲ’ ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ನಾಡಕಚೇರಿಯ ವಂಶವೃಕ್ಷವೂ ಅರ್ಜಿದಾರರು ಹೇಳಿದ್ದರ ಮೇಲೆ ನಿಂತದ್ದು, ಅದರಲ್ಲಿ ಒಬ್ಬ ಮಗಳ ಹೆಸರು ಬಿಟ್ಟರೆ ಆಕೆಯ ಪಾಲು ಹೋಗುವುದಿಲ್ಲ. ಒಳ್ಳೆಯ ವಕೀಲರು ವಂಶವೃಕ್ಷವನ್ನು ಪಡಿತರ ಚೀಟಿಯೊಂದಿಗೆ ತಾಳೆ ನೋಡುತ್ತಾರೆ, ಓಣಿಯ ಹಿರಿಯರನ್ನು ಕೇಳುತ್ತಾರೆ. ಮನೆಯ ಹೆಣ್ಣುಮಕ್ಕಳನ್ನು ಪತ್ರದಲ್ಲಿ ಸೇರಿಸುವುದು ಕೊಳ್ಳುವವರ ಸುರಕ್ಷತೆಗೂ ಬೇಕು, ಆ ಹೆಣ್ಣುಮಕ್ಕಳಿಗೆ ಸಲ್ಲಬೇಕಾದ ನ್ಯಾಯವೂ ಹೌದು.

ಊರ ಹೊರಗಿನ ಪ್ಲಾಟುಗಳ ಪ್ರಶ್ನೆ ಬೇರೆ. ಜಿಲ್ಲಾಧಿಕಾರಿಗಳ ಎನ್‌ಎ (ಕೃಷಿಯೇತರ ಬಳಕೆಯ) ಆದೇಶ, ನಗರಾಭಿವೃದ್ಧಿ ಪ್ರಾಧಿಕಾರ ಅನುಮೋದಿಸಿದ ನಕ್ಷೆ, ಸೈಟು ಬಿಡುಗಡೆ ಪತ್ರ ಈ ಮೂರನ್ನೂ ಕೇಳಿ ನೋಡಿ. ಎನ್‌ಎ ಆಗದ ಹೊಲದಲ್ಲಿ ‘ಒಂದು ಗುಂಟೆ’ ಎಂದು ಮಾರುವುದುಂಟು. ಗುಂಟೆ 1,089 ಚದರಡಿ, ನಿಮ್ಮ 30×40ಕ್ಕೆ 1,200 ಬೇಕು, ಅಲ್ಲೇ ಅಳತೆ ತಪ್ಪಿತು. ಆ ಜಮೀನು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ, ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ 1978ರ ಪಿಟಿಸಿಎಲ್ ಕಾಯ್ದೆಯಂತೆ ಅಸಿಂಧು. 2023ರ ತಿದ್ದುಪಡಿಯ ನಂತರ ಅದನ್ನು ಪ್ರಶ್ನಿಸಲು ಕಾಲಮಿತಿಯೂ ಇಲ್ಲ. ಮೂರು ಕೈ ದಾಟಿ, ಮನೆ ಕಟ್ಟಿ ಇಪ್ಪತ್ತು ವರ್ಷವಾದರೂ ಈ ಪ್ರಶ್ನೆ ಏಳಬಹುದು. ತಹಶೀಲ್ದಾರ್ ಕಚೇರಿಯಿಂದ ಮಂಜೂರಾತಿ ದಾಖಲೆ ತೆಗೆಸಿದಿರಾ ಎಂದು ವಕೀಲರನ್ನು ಕೇಳಿ. ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲೆ ‘ಮಾರಾಟ’ ಎಂದರೆ ಎದ್ದು ಬನ್ನಿ. ಜಿಪಿಎಯಿಂದ ಮಾಲೀಕತ್ವ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ವಕೀಲರನ್ನು ಆರಿಸುವಾಗ ಕಚೇರಿಯ ಬೋರ್ಡಿಗಿಂತ ಅವರು ಬರೆದುಕೊಡುವ ಅಭಿಪ್ರಾಯ ಪತ್ರ ಮುಖ್ಯ. ‘ಟೈಟಲ್ ಕ್ಲಿಯರ್ ಇದೆ’ ಎಂಬ ಒಂದು ಸಾಲಿನ ಕಾಗದಕ್ಕೆ ಹಣ ಕೊಡಬೇಡಿ. ನೋಡಿದ ಪ್ರತಿ ದಾಖಲೆಯ ಸಂಖ್ಯೆ, ತಾರೀಖು, ನೋಡಿದ್ದು ಮೂಲವೋ ನಕಲೋ, ಯಾರಿಂದ ಯಾರಿಗೆ ಹೇಗೆ ಬಂತು, ಎಲ್ಲಿ ಕೊಂಡಿ ಕಳಚಿದೆ, ಇಸಿ ಯಾವ ವರ್ಷದಿಂದ ಯಾವ ವರ್ಷಕ್ಕೆ, ನೋಂದಣಿಯ ದಿನ ಯಾರ್ಯಾರು ಸಹಿ ಹಾಕಬೇಕು, ಇಷ್ಟೂ ಅದರಲ್ಲಿರಬೇಕು. ಯಾವುದನ್ನು ನೋಡಲಾಗಲಿಲ್ಲ ಎಂದು ಬರೆಯುವ ವಕೀಲರನ್ನು ಇನ್ನೂ ಹೆಚ್ಚು ನಂಬಿ. ಮಾರುವವರ ಅಥವಾ ದಲ್ಲಾಳಿಯ ಕೆಲಸ ಮಾಡಿದ್ದೀರಾ ಎಂದು ನೇರವಾಗಿ ಕೇಳಿ, ಬೇಸರ ಮಾಡಿಕೊಳ್ಳುವವರಾದರೆ ಬೇರೆಯವರ ಬಳಿ ಹೋಗಿ. ವ್ಯಾಪಾರ ಮಾಡಲು ವಕೀಲರಿಗೆ ಅವಕಾಶವಿಲ್ಲ, ಹಾಗಾಗಿ ಪ್ಲಾಟನ್ನೂ ಮಾರಿ ಕಾಗದವನ್ನೂ ತಾವೇ ನೋಡುತ್ತೇವೆ ಎನ್ನುವವರು ಬೇಡ. ರಾಜ್ಯ ಬಾರ್ ಕೌನ್ಸಿಲ್ ನೋಂದಣಿ ಸಂಖ್ಯೆ ಕೇಳುವುದರಲ್ಲಿ ಸಂಕೋಚ ಬೇಕಿಲ್ಲ. ಫೀ ಎಷ್ಟು, ಅದರಲ್ಲಿ ಏನೇನು ಸೇರಿದೆ, ನಕಲು ಮತ್ತು ಓಡಾಟದ ಖರ್ಚು ಯಾರದು ಎಂಬುದೆಲ್ಲ ಬರವಣಿಗೆಯಲ್ಲಿರಲಿ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ಒಳಪಡುವುದಿಲ್ಲ ಎಂದು 2024ರ ಮೇ 14ರಂದು ಸುಪ್ರೀಂ ಕೋರ್ಟ್ ಹೇಳಿರುವುದರಿಂದ ಗ್ರಾಹಕರ ಆಯೋಗದ ಬಾಗಿಲು ಮುಚ್ಚಿದೆ. ದುರ್ನಡತೆಯಾದರೆ ಬಾರ್ ಕೌನ್ಸಿಲ್, ನಷ್ಟಕ್ಕೆ ಸಿವಿಲ್ ಕೋರ್ಟು. ಎರಡು ಕಡೆಯೂ ಬರವಣಿಗೆಯೇ ಆಧಾರ.

ಖರ್ಚಿನ ಲೆಕ್ಕ ಮೊದಲೇ ತಿಳಿದಿರಲಿ. ನಗರದಲ್ಲಿ 40 ಲಕ್ಷದ ಮನೆಗೆ ಮುದ್ರಾಂಕ ಶುಲ್ಕ ಶೇ 5ರಂತೆ 2 ಲಕ್ಷ, ಅದರ ಮೇಲೆ ಶೇ 10 ಸೆಸ್ 20 ಸಾವಿರ, ಶೇ 2 ಸರ್‌ಚಾರ್ಜ್ 4 ಸಾವಿರ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿರುವುದರಿಂದ 80 ಸಾವಿರ. ಒಟ್ಟು 3.04 ಲಕ್ಷ. ಯಾರಾದರೂ ‘ಎಲ್ಲಾ ಸೇರಿ ನಾಲ್ಕು ಲಕ್ಷ’ ಎಂದರೆ ಉಳಿದದ್ದು ಯಾತಕ್ಕೆಂದು ಕೇಳುವ ಹಕ್ಕು ನಿಮಗಿದೆ. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರೇ ಶೇ 1 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಹಿಡಿದು ಕಟ್ಟಬೇಕು. ಸಂಚಗಾರವನ್ನು 20 ಸಾವಿರ ಮತ್ತು ಮೇಲ್ಪಟ್ಟು ನಗದಿನಲ್ಲಿ ಪಡೆದರೆ ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಮಾರುವವರಿಗೂ ಸ್ವಂತ ವಕೀಲರು ಬೇಕು. ಗಿರಾಕಿ ಬರುವ ಮೊದಲೇ ವಾರಸುದಾರರ ಹಕ್ಕುಬಿಡುಗಡೆ ಪತ್ರ, ಇ–ಖಾತಾ ಸಿದ್ಧವಿದ್ದರೆ ಬೆಲೆ ಕುಸಿಯುವುದಿಲ್ಲ. ‘ಪೂರ್ತಿ ಹಣ ಮುಟ್ಟಿದೆ’ ಎಂದು ಬರೆದ ಪತ್ರಕ್ಕೆ ಮುಂದಿನ ತಾರೀಖಿನ ಚೆಕ್ಕು ನಂಬಿ ಸಹಿ ಹಾಕಿದರೆ, ಚೆಕ್ಕು ಮರಳಿ ಬಂದಾಗ ಮನೆ ವಾಪಸ್ ಸಿಗುವುದು ಬಲು ಕಷ್ಟ, ಬಾಕಿ ಹಣಕ್ಕೆ ದಾವೆ ಹೂಡುತ್ತಾ ಕೂರಬೇಕಾಗುತ್ತದೆ.

ಕಡೆಯದಾಗಿ ತಮ್ಮ ಪತ್ರಿಕೆಗೇ ಒಂದು ವಿನಂತಿ. ಖರೀದಿಗೆ ಮೊದಲು ವಕೀಲರು ಕೊಡುವ ಜಾಹೀರು ಪ್ರಕಟಣೆಗಳು ತಮ್ಮ ಪುಟಗಳಲ್ಲಿ ನಿತ್ಯ ಬರುತ್ತವೆ. ಹಲವದರಲ್ಲಿ ಹೊಸ ಆಸ್ತಿ ಸಂಖ್ಯೆ, ‘ಏಳು ದಿನದೊಳಗೆ ತಕರಾರು ಸಲ್ಲಿಸಿ’ ಎಂಬ ಸಾಲು, ಇಷ್ಟೇ. ಸಿಂಧನೂರಿಗೋ ಹೊಸಪೇಟೆಗೋ ಮದುವೆಯಾಗಿ ಹೋದ ಮಗಳು ಆ ಸಂಖ್ಯೆ ನೋಡಿ ಅದು ತನ್ನ ತವರುಮನೆ ಎಂದು ಗುರುತಿಸಲಾರಳು. ಹಳೇ ಮನೆ ನಂಬರು, ಓಣಿಯ ಹೆಸರು, ಮೂಲ ಮಾಲೀಕರ ಹೆಸರು, ನಾಲ್ಕು ದಿಕ್ಕಿನ ಚಕ್ಕಬಂದಿ ಇಲ್ಲದ ಪ್ರಕಟಣೆಯನ್ನು ತಮ್ಮ ಜಾಹೀರಾತು ವಿಭಾಗದವರು ವಾಪಸ್ ಕಳಿಸಿ, ವಿವರ ತುಂಬಿಸಿಕೊಂಡ ಮೇಲೆಯೇ ಅಚ್ಚು ಹಾಕಬೇಕೆಂದು ಕೋರುತ್ತೇನೆ.

ಇತಿ,
ಆಸ್ತಿ ದಾಖಲೆಗಳ ಕೆಲಸ ಬಲ್ಲ ಓದುಗ, ಕೊಪ್ಪಳ