ಹೆಸರು ಎಲ್ಲಿ ಬೀಳುತ್ತೆ, ನೋಡು

ಪ್ರೀತಿಯ ತಮ್ಮಾ,

ನೀನು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಒನೇಸಿಮನ ಬಗ್ಗೆ ಬರೆಯಬೇಕು ಅಂತ ನಿನಗೆ ಅನ್ನಿಸಿದ್ದೇ ನನಗೆ ಖುಷಿ. ಇಡೀ ಬೈಬಲ್ಲಿನಲ್ಲಿ ಅವನ ಹೆಸರು ಬರುವುದು ಎರಡೇ ಕಡೆ. ಯೇಸುವಿನ ಅಪೊಸ್ತಲ ಪೌಲ ಒನೇಸಿಮನ ಒಡೆಯ ಫಿಲೆಮೋನನಿಗೆ ಬರೆದ ಪತ್ರದಲ್ಲಿ ಒಮ್ಮೆ, ಕೊಲೊಸ್ಸೆಯವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಇನ್ನೊಮ್ಮೆ. ಅಂಥವನು ನಿನ್ನ ಕಣ್ಣಿಗೆ ಬಿದ್ದಿದ್ದಾನೆ.

ಆದರೆ ಮೊದಲ ಸಾಲಿನಲ್ಲೇ ‘ಒನೇಸಿಮ ಅಂದರೆ ಉಪಯೋಗಕ್ಕೆ ಬರುವವನು’ ಅಂತ ಬರೆದು ಮುಂದೆ ಹೋಗಿಬಿಟ್ಟಿದ್ದೀಯ. ಅರ್ಥವೇನೋ ಸರಿ. ಗ್ರೀಕಿನಲ್ಲಿ ‘ಒನಿನೇಮಿ’ ಅಂದರೆ ನೆರವಾಗು, ಒಳ್ಳೆಯದು ಮಾಡು. ಅದೇ ಬೇರಿನಿಂದ ‘ಒನೇಸಿಸ್’, ಅಂದರೆ ಪ್ರಯೋಜನ. ಅಲ್ಲಿಂದ ಒನೇಸಿಮೊಸ್. ಆದರೆ ಈ ಹೆಸರು ಯಾರು ಯಾರಿಗೆ ಇಡುತ್ತಿದ್ದದ್ದು ಅಂತ ಕೇಳಿಕೊಂಡೆಯಾ? ಆ ಕಾಲದಲ್ಲಿ ಗುಲಾಮರಿಗೆ ಇದು ತೀರಾ ಸಾಮಾನ್ಯ ಹೆಸರು. ಎಷ್ಟೋ ಸಲ ಒಡೆಯನೇ ಗುಲಾಮನಿಗೆ ಹೆಸರಿಡುತ್ತಿದ್ದ. ಸಂತೆಯಲ್ಲಿ ಎತ್ತಿನ ಬೆನ್ನು ತಟ್ಟಿ ‘ಕೆಲಸಕ್ಕೆ ಬರುತ್ತೆ’ ಅಂತೀವಲ್ಲ, ಆ ಥರದ ಹೆಸರು. ಇದು ಗೊತ್ತಾದ ಮೇಲೆ ‘ಉಪಯೋಗಕ್ಕೆ ಬರುವವನು’ ಅನ್ನುವ ಮಾತು ಮೊದಲಿನಷ್ಟು ಸಿಹಿಯಾಗಿ ಕೇಳಿಸುವುದಿಲ್ಲ, ಅಲ್ವಾ?

ಈಗ ಪೌಲ ಏನು ಮಾಡುತ್ತಾನೆ ನೋಡು. ಅವನು ಸೆರೆಯಲ್ಲಿದ್ದಾನೆ. ಗುಲಾಮ ಒನೇಸಿಮನನ್ನು ಒಡೆಯ ಫಿಲೆಮೋನನ ಹತ್ತಿರ ವಾಪಸ್ ಕಳಿಸಬೇಕು, ಜೊತೆಗೆ ಒಂದು ಕಾಗದ ಬರೆಯಬೇಕು. ಬರೀ 25 ವಚನದ ಪತ್ರ. ಮೊದಲ 9 ವಚನ ಮುಗಿದರೂ ಹುಡುಗನ ಹೆಸರೇ ಇಲ್ಲ. 10ರಲ್ಲಿ, ‘ನಿನ್ನನ್ನು ಬೇಡಿಕೊಳ್ಳುತ್ತೇನೆ, ನನ್ನ ಮಗನಿಗಾಗಿ, ಸೆರೆಯಲ್ಲಿ ನಾನು ಹೆತ್ತವನಿಗಾಗಿ’ ಅಂತ ಎಳೆದುಕೊಂಡು ಬಂದು, ವಾಕ್ಯದ ಕೊಟ್ಟಕೊನೆಯ ಪದವಾಗಿ ‘ಒನೇಸಿಮ’ ಅನ್ನುತ್ತಾನೆ. ಫಿಲೆಮೋನ ಸಿಟ್ಟು ಮಾಡಿಕೊಳ್ಳುವ ಮೊದಲೇ ಅವನ ಕಿವಿಗೆ ‘ಮಗ’ ಅನ್ನುವ ಮಾತು ಬಿದ್ದಾಗಿದೆ. ಗ್ರೀಕ್ ಪುಟದ ಮೇಲೆ ಬೆರಳಿಟ್ಟು ಅಕ್ಷರ ಕೂಡಿಸಿಕೊಂಡು ಓದುತ್ತಾ ಈ ಜಾಗಕ್ಕೆ ಬಂದ ದಿನ ನಾನು ಪುಸ್ತಕ ಮುಚ್ಚಿ ಸುಮ್ನೆ ಕೂತುಬಿಟ್ಟಿದ್ದೆ.

ಮರುವಚನದಲ್ಲೇ ಪೌಲ ಹೆಸರಿನ ಅರ್ಥವನ್ನು ಹಿಡಿಯುತ್ತಾನೆ. ಹಿಂದೆ ಇವನು ನಿನಗೆ ‘ಅಖ್ರೇಸ್ತೊಸ್’, ಕೆಲಸಕ್ಕೆ ಬಾರದವನು. ಈಗ ನಿನಗೂ ನನಗೂ ‘ಯೂಖ್ರೇಸ್ತೊಸ್’, ಚೆನ್ನಾಗಿ ಕೆಲಸಕ್ಕೆ ಬರುವವನು. ಹೆಸರಿನ ಬೇರನ್ನು ಇಲ್ಲಿ ಮುಟ್ಟಿಲ್ಲ. ಅದೇ ಅರ್ಥದ ಬೇರೆ ಪದ ತಂದಿದ್ದಾನೆ. ಈ ಎರಡು ಪದಗಳಲ್ಲೂ ಇರುವ ‘ಖ್ರೇಸ್ತೊಸ್’ ಮತ್ತು ಕ್ರಿಸ್ತ ಅನ್ನುವ ‘ಖ್ರಿಸ್ತೊಸ್’ ಆ ಕಾಲದ ಬಾಯಲ್ಲಿ ಹೆಚ್ಚುಕಮ್ಮಿ ಒಂದೇ ಥರ ಕೇಳಿಸುತ್ತಿದ್ದವು. ಹಾಗಾಗಿ ಕ್ರಿಸ್ತನ ಹೆಸರೂ ಇಲ್ಲಿ ಹಿಂದಿನಿಂದ ಕೇಳಿಸಲಿ ಅಂತ ಪೌಲ ಬಯಸಿರಬಹುದು ಅನ್ನುವವರಿದ್ದಾರೆ. ನನಗೂ ಹಾಗೇ ಅನ್ನಿಸುತ್ತದೆ. ಆದರೆ ಇದನ್ನು ಬರೆಯುವಾಗ ‘ಇರಬಹುದು’ ಅಂತಲೇ ಬರೆ. ಎರಡರ ಬೇರು ಬೇರೆ ಬೇರೆ: ಒಂದು ಬಳಕೆಯ ಮಾತು, ಇನ್ನೊಂದು ಅಭಿಷೇಕದ ಮಾತು.

ಹೆಸರಿನ ಬೇರು ನಿಜವಾಗಿ ಸಿಗುವುದು 20ನೇ ವಚನದಲ್ಲಿ. ‘ಹೌದು ಸಹೋದರಾ, ನಿನ್ನಿಂದ ನನಗೆ ಪ್ರಯೋಜನವಾಗಲಿ’ ಅನ್ನುವಾಗ ಪೌಲ ಬಳಸುವ ಪದ ‘ಒನೈಮೇನ್’. ಅದು ಒನಿನೇಮಿಯದೇ ರೂಪ. ಹೊಸ ಒಡಂಬಡಿಕೆಯಲ್ಲಿ ಆ ಕ್ರಿಯಾಪದ ಬರುವುದು ಇದೊಂದೇ ಕಡೆ. ಇಷ್ಟು ಹೊತ್ತು ಗುಲಾಮನ ಮೇಲಿದ್ದ ಭಾರ ಈಗ ಒಡೆಯನ ಮೇಲೆ ಬಂತು. ಉಪಯೋಗಕ್ಕೆ ಬರಬೇಕಾದವನು ಈಗ ಫಿಲೆಮೋನ! ಕನ್ನಡ ಬೈಬಲ್ಲಿನಲ್ಲಿ ‘ಒನೇಸಿಮ’ ಬರೀ ಸದ್ದು, ಈ ಎಳೆ ನಮ್ಮ ಕಿವಿಗೆ ಬೀಳುವುದೇ ಇಲ್ಲ. ಅದನ್ನು ಕೇಳಿಸುವ ಕೆಲಸ ನಿನ್ನ ಲೇಖನದ್ದು.

ಇನ್ನೊಂದು ಮಾತು. ‘ಕದ್ದು ಓಡಿಹೋದ ಗುಲಾಮ’ ಅಂತ ಬರೆದಿದ್ದೀಯ. ಪತ್ರದಲ್ಲಿ ಓಡಿಹೋದ ಅಂತ ಎಲ್ಲೂ ಇಲ್ಲ, ಕದ್ದ ಅಂತಲೂ ಇಲ್ಲ. ಅವನಿಂದ ಏನಾದರೂ ಅನ್ಯಾಯ ಆಗಿದ್ದರೆ, ಸಾಲ ಇದ್ದರೆ, ನನ್ನ ಲೆಕ್ಕಕ್ಕೆ ಬರೆದುಕೋ ಅಂತ ಮಾತ್ರ ಇದೆ. ಉಳಿದದ್ದು ಆಮೇಲೆ ಓದಿದವರು ಊಹಿಸಿದ್ದು. 2ನೇ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್ ಬರೆದ ಪತ್ರದಲ್ಲಿ ಎಫೆಸದ ಬಿಷಪ್ ಒನೇಸಿಮ ಬರುತ್ತಾನಲ್ಲ, ಅವನೇ ಇವನು ಅಂತಲೂ ತೀರ್ಪು ಕೊಡಬೇಡ. ಹೆಸರು ಅಷ್ಟು ಸಾಮಾನ್ಯ ಅಂತ ಈಗಷ್ಟೇ ನೋಡಿದೆವಲ್ಲ. ಸತ್ತು ನೂರಾರು ವರ್ಷವಾದವನ ಮೇಲೂ ಸುಳ್ಳು ಆರೋಪ ಹೊರಿಸಬಾರದು, ಪದವಿಯನ್ನೂ ಸುಮ್ನೆ ಕೊಡಬಾರದು.

ಲೇಖನ ತಿದ್ದಲು ಎಷ್ಟು ದಿನ ಬೇಕೋ ತಗೋ. ಅದಕ್ಕಿಂತ ಮೊದಲು 10ನೇ ವಚನ ಒಂದನ್ನೇ ನಿನ್ನ ಕನ್ನಡದಲ್ಲಿ ಬರೆದು ಕಳಿಸು. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬಂದು ಕೂರುತ್ತೆ. ಹುಡುಗನ ಹೆಸರಿಗೆ ಎಲ್ಲಿ ಜಾಗ ಮಾಡ್ತೀಯ ಅಂತ ನೋಡಬೇಕು ನನಗೆ.

ನಿನ್ನ ಅಣ್ಣ