33ನೇ ನಾಯಿಗೆ ಹೆಸರಿತ್ತು

ಪುಟ್ಟಿ,

"ಅಮ್ಮಾ, ನಾಯಿಗಳ ಮೇಲೆ ಪ್ರಯೋಗ ಮಾಡುವ ಈ ಲ್ಯಾಬಿಗೆ ಸೇರಲಾ, ಬೇಡವಾ?" ಎಂದು ಮೊನ್ನೆ ನೀನು ಕೇಳಿದಾಗ ನಾನು ಮಾತು ಹಾರಿಸಿ ಫೋನ್ ಇಟ್ಟುಬಿಟ್ಟೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಬರೆಯುತ್ತಾ ಹೋದರೆ ಎಲ್ಲಾದರೂ ಸಿಕ್ಕೀತು ಅಂತ ಕೂತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ವಿಷಯದಲ್ಲಿ ನಾನು ದೂರ ನಿಂತು ನ್ಯಾಯ ಹೇಳುವವಳಲ್ಲ. ಹನ್ನೊಂದನೇ ವಯಸ್ಸಿನಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದೇನೆ. ಅದಿಲ್ಲದಿದ್ದರೆ ನಾನಿಲ್ಲ, ನೀನೂ ಇಲ್ಲ.

ಆ ಔಷಧಿ ಬಂದದ್ದು ಹೇಗೆ ಅಂತ ನಿನಗೆ ಪಾಠದಲ್ಲಿ ಬಂದಿರುತ್ತದೆ. 1921ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬ ಸಂಶೋಧಕರು ನಾಯಿಗಳ ಮೇದೋಜೀರಕ ಗ್ರಂಥಿ ತೆಗೆದು ಅವಕ್ಕೆ ಸಕ್ಕರೆ ಕಾಯಿಲೆ ಬರಿಸಿದರು. ಗ್ರಂಥಿಯಿಂದ ತೆಗೆದ ರಸವನ್ನು ಚುಚ್ಚಿ ನೋಡಿದರು. ಎಷ್ಟೋ ನಾಯಿಗಳು ಸತ್ತವು. 33ನೇ ನಾಯಿ ಸುಮಾರು 70 ದಿನ ಬದುಕಿತು. ಅದಕ್ಕೆ ಮಾರ್ಜೊರಿ ಎಂಬ ಹೆಸರಿತ್ತು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಇನ್ಸುಲಿನ್ ಕೊಟ್ಟರು. ಅಲ್ಲಿಯವರೆಗೆ ಇಂಥ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಸಾವನ್ನು ಒಂದಷ್ಟು ದಿನ ಮುಂದೂಡುತ್ತಿದ್ದರು, ಅಷ್ಟೇ. ಎಲುಬು ಚರ್ಮ ಆದ ಆ ಮಕ್ಕಳ ಫೋಟೋ ನೋಡಿದಾಗಲೆಲ್ಲ ನನ್ನ ಅಮ್ಮ ನೆನಪಾಗುತ್ತಾಳೆ. ಅವಳು ಹಾಗೆ ನನ್ನನ್ನು ನೋಡಬೇಕಾಗಿ ಬರಲಿಲ್ಲ.

ಹಾಗಾಗಿ "ನಾಯಿಯ ಮೇಲೆ ಪ್ರಯೋಗ ಮಾಡಿದ್ದೇ ತಪ್ಪು" ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಆದರೆ ಇದೇ ಕಥೆ ಹೇಳಿ ಬಾಯಿ ಮುಚ್ಚಿಸುವವರು ಜಾಸ್ತಿ. "ಇನ್ಸುಲಿನ್ ಬೇಡವಾ ನಿಮಗೆ?" ಎಂದು ನನ್ನನ್ನೇ ಕೇಳಿದ್ದಾರೆ. ಬೇಕು ಸ್ವಾಮೀ. ಈಗ ಅದನ್ನು ಬ್ಯಾಕ್ಟೀರಿಯಾ, ಯೀಸ್ಟ್ ಬೆಳೆಸಿ ತಯಾರಿಸುತ್ತಾರೆ, ಅದು ಬೇರೆ ಮಾತು. ಮಾರ್ಜೊರಿಯ ಹೆಸರು ಹೇಳಿ ಇವತ್ತಿನ ಇನ್ನೊಂದು ನಾಯಿಯ ತಲೆಯ ಮೇಲೆ ಸಾಲ ಎತ್ತುವುದು ಎಲ್ಲಿಯ ನ್ಯಾಯ?

ಯಾಕೆಂದರೆ ಎಲ್ಲ ಪ್ರಯೋಗವೂ ಇನ್ಸುಲಿನ್ ಅಲ್ಲ. 1960ರ ದಶಕದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಸೆಲಿಗ್‌ಮನ್, ಮೇಯರ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ಜೊತೆಗಾರರು ನಾಯಿಗಳನ್ನು ಕಟ್ಟಿಹಾಕಿ ಕರೆಂಟ್ ಶಾಕ್ ಕೊಟ್ಟರು. ಏನು ಮಾಡಿದರೂ ಶಾಕ್ ನಿಲ್ಲದು. ಆಮೇಲೆ, ಒಂದು ಗಿಡ್ಡ ಅಡ್ಡಗೋಡೆ ಹಾರಿದರೆ ತಪ್ಪಿಸಿಕೊಳ್ಳಬಹುದಾದ ಪೆಟ್ಟಿಗೆಯಲ್ಲಿ ಬಿಟ್ಟರು. ಹೆಚ್ಚಿನವು ಹಾರಲಿಲ್ಲ. ಮಲಗಿ ಕುಂಯ್‌ಗುಟ್ಟಿದವು. ಅಸಹಾಯಕತೆಯನ್ನು ಕಲಿತುಬಿಟ್ಟಿವೆ ಎಂದರು. ಖಿನ್ನತೆಯ ಬಗ್ಗೆ ಬರೆದ ಪುಸ್ತಕಗಳಲ್ಲೆಲ್ಲ ಈ ಮಾತು ಸೇರಿತು. 2016ರಲ್ಲಿ ಅದೇ ಇಬ್ಬರು, ನಾವು ತಲೆಕೆಳಗಾಗಿ ತಿಳಿದಿದ್ದೆವು ಎಂದು ಬರೆದರು. ಸುಮ್ಮನೆ ಬಿದ್ದುಕೊಳ್ಳುವುದು ಕಲಿತದ್ದಲ್ಲವಂತೆ. ಹಿಂಸೆ ನಿಲ್ಲದೆ ಬಂದಾಗ ಮಿದುಳು ತಾನಾಗಿ ಹಾಗೆ ಮಾಡುತ್ತದಂತೆ. ಕಲಿಯಬೇಕಾದದ್ದು ತಪ್ಪಿಸಿಕೊಳ್ಳಬಹುದು ಎಂಬುದನ್ನು. ತಪ್ಪು ಒಪ್ಪಿಕೊಂಡದ್ದು ದೊಡ್ಡತನವೇ, ಅದನ್ನು ಕಡಿಮೆ ಮಾಡುವುದಿಲ್ಲ. ಆದರೆ ಓದಿದ ದಿನ ನನಗೆ ಆ ನಾಯಿಗಳದ್ದೇ ಯೋಚನೆ.

ಈಗ ನಿನ್ನ ಲ್ಯಾಬಿನ ಬೀಗಲ್ ತಳಿಯ ನಾಯಿಗಳಿಗೆ ಬರೋಣ. ಬೀಗಲ್ ಯಾಕೆ ಎಂದು ನಾನು ಕೇಳಿದ್ದಕ್ಕೆ ನೀನು ಪಟಪಟ ಹೇಳಿದೆ. ಗಾತ್ರ ಚಿಕ್ಕದು, ಕೂದಲು ಗಿಡ್ಡ, ಗುಂಪಿನಲ್ಲಿ ಹೊಂದಿಕೊಳ್ಳುತ್ತವೆ, ಕಚ್ಚುವುದಿಲ್ಲ. ನೋವು ಮಾಡಿದ ಕೈಯನ್ನೇ ಮತ್ತೆ ನೆಕ್ಕುತ್ತವೆ. ಸೂಜಿ ಹಿಡಿದು ಹೋದರೆ ಒಂದು ನಾಯಿ ತಾನೇ ಮುಂಗಾಲು ಚಾಚುತ್ತದೆ ಅಂದೆ. ನನಗೆ ಗಂಟಲಲ್ಲಿ ಸಿಕ್ಕಿಕೊಂಡದ್ದು ಅದೇ. ಕಚ್ಚುವ ನಾಯಿ ಬಚಾವಾಗುತ್ತದೆ, ನಂಬುವ ನಾಯಿ ಪಂಜರಕ್ಕೆ ಬರುತ್ತದೆ. ರಕ್ತ ಪರೀಕ್ಷೆಗೆ ನಾನೂ ತೋಳು ಚಾಚುತ್ತೇನೆ. ಯಾಕೆ ಅಂತ ನನಗೆ ಗೊತ್ತು. ಅದಕ್ಕೆ ಗೊತ್ತಿಲ್ಲ, ಅಲ್ವಾ?

ಪ್ರಾಣಿಗಳಿಲ್ಲದೆ ಔಷಧಿಯ ಪರೀಕ್ಷೆ ಆಗದು ಎಂದು ನಿಮ್ಮ ಪ್ರೊಫೆಸರ್ ಹೇಳಿದ್ದರಲ್ಲಿ ಹುರುಳಿಲ್ಲ ಅಂತಲ್ಲ. ತಟ್ಟೆಯಲ್ಲಿ ಬೆಳೆಸಿದ ಜೀವಕೋಶಕ್ಕೆ ಹೊಟ್ಟೆ ಇಲ್ಲ, ಪಿತ್ತಕೋಶ ಇಲ್ಲ. ಒಂದು ಔಷಧಿಯನ್ನು ಯಕೃತ್ತು ಒಡೆದ ಮೇಲೆ ಉಳಿಯುವ ಚೂರು ಹೃದಯಕ್ಕೆ ಏನು ಮಾಡುತ್ತದೆ ಎಂದು ಆ ತಟ್ಟೆ ಹೇಳಲಾರದು. ಆದರೂ ಕಾಲ ನಿಂತಿಲ್ಲ. ಮನುಷ್ಯರಿಗೆ ಕೊಡುವ ಮೊದಲು ಪ್ರಾಣಿಗಳ ಮೇಲೆ ನೋಡಲೇಬೇಕು ಎಂಬ ಕಡ್ಡಾಯವನ್ನು ಅಮೆರಿಕ 2022ರ ಕೊನೆಯಲ್ಲಿ ತನ್ನ ಕಾನೂನಿನಿಂದ ತೆಗೆದಿದೆ.

1959ರಲ್ಲೇ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಬ್ರಿಟಿಷ್ ವಿಜ್ಞಾನಿಗಳು ಮೂರು ಮಾತು ಹೇಳಿದ್ದರು. ಪ್ರಾಣಿ ಇಲ್ಲದೆ ಆಗುತ್ತದೆಯೇ ನೋಡಿ. ಆಗದಿದ್ದರೆ ಕಡಿಮೆ ಪ್ರಾಣಿಗಳಲ್ಲಿ ಮುಗಿಸಿ. ನೋವು ಕಡಿಮೆ ಮಾಡಿ. ಪ್ರಯೋಗಕ್ಕೆ ಅನುಮತಿ ಕೊಡುವ ನಿಮ್ಮ ನೀತಿ ಸಮಿತಿಯ ಅರ್ಜಿಯಲ್ಲೂ ಇವೇ ಇರುತ್ತವೆ. ಮೊದಲನೆಯದಕ್ಕೆ "ಬೇರೆ ದಾರಿ ಇಲ್ಲ" ಎಂದು ಒಂದೇ ಸಾಲು ಬರೆದು ಮುಂದಕ್ಕೆ ಹೋಗಿದ್ದಾರಾ ನೋಡು. ನನಗೆ ಅನುಮಾನ ಇರುವುದು ಅಲ್ಲೇ. ಇನ್ನೊಂದು, ಪ್ರಯೋಗ ಮುಗಿದ ಮೇಲೆ ಆ ನಾಯಿಗಳು ಎಲ್ಲಿಗೆ ಹೋಗುತ್ತವೆ ಎಂದು ಕೇಳು. ಆರೋಗ್ಯವಾಗಿರುವ ನಾಯಿಯನ್ನು ಯಾರಾದರೂ ಸಾಕಿಕೊಳ್ಳಬಹುದು. ಸಾಯಿಸುವುದು ಸುಲಭ ಅನ್ನುವುದು ಒಂದು ಕಾರಣವೇ ಅಲ್ಲ.

"ನಾನೊಬ್ಬ ವಿದ್ಯಾರ್ಥಿನಿ, ನನ್ನ ಮಾತು ಯಾರು ಕೇಳ್ತಾರೆ" ಅಂದೆ. 1903ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ತರಗತಿಯಲ್ಲಿ ಒಂದು ಕಂದು ನಾಯಿಯನ್ನು ಕೊಯ್ದು ತೋರಿಸಿದ್ದನ್ನು ಸ್ವೀಡನ್ನಿನ ಇಬ್ಬರು ಹುಡುಗಿಯರು ಬರೆದಿಟ್ಟರು. ನಾಯಿಗೆ ಸರಿಯಾಗಿ ಅರಿವಳಿಕೆ ಕೊಟ್ಟಿರಲಿಲ್ಲ ಎಂದರು. ಮಾತು ಕೋರ್ಟಿಗೆ ಹೋಯಿತು, ಗೆದ್ದದ್ದು ತರಗತಿಯಲ್ಲಿ ಆ ನಾಯಿಯನ್ನು ಕೊಯ್ದು ತೋರಿಸಿದ ಬೇಲಿಸ್. ಆದರೂ 1906ರಲ್ಲಿ ಆ ನಾಯಿಗೊಂದು ಪ್ರತಿಮೆ ಎದ್ದಿತು. ಅದನ್ನು ಕೆಡವಲು ವೈದ್ಯ ವಿದ್ಯಾರ್ಥಿಗಳು ಬೀದಿಗಿಳಿದರು, 1910ರಲ್ಲಿ ಅದನ್ನು ತೆಗೆದೂಬಿಟ್ಟರು. ನೀನು ಕೋರ್ಟಿಗೆ ಹೋಗು ಅಂತಲ್ಲ. ನೋಡಿದ್ದನ್ನು ದಿನಾಂಕ ಹಾಕಿ ಬರೆದಿಡು, ಸೇರಿದರೂ ಸೇರದಿದ್ದರೂ.

ಸೇರಬೇಡ ಅಂತ ನಾನು ಹೇಳುವುದಿಲ್ಲ. ಕೈ ನಡುಗುವವರೆಲ್ಲ ಹೊರಗೆ ಉಳಿದರೆ ಒಳಗೆ ಯಾರಿರುತ್ತಾರೆ ಎಂಬ ಯೋಚನೆಯೂ ಬರುತ್ತದೆ. ಆದರೆ ಎರಡು ತಿಂಗಳಲ್ಲಿ ನಿನಗೆ ಏನೂ ಅನ್ನಿಸದಂತಾದರೆ ನನಗೆ ಫೋನ್ ಮಾಡು.

ಅಂದ ಹಾಗೆ, ಲ್ಯಾಬಿನಲ್ಲಿ ನಾಯಿಗಳಿಗೆ ಹೆಸರಿಡಬಾರದು, ನಂಬರ್ ಸಾಕು ಎಂದರಂತೆ. ಕಾಲು ಚಾಚುವ ಆ ನಾಯಿಗೆ ನೀನು ಗುಟ್ಟಾಗಿ ಒಂದು ಹೆಸರಿಟ್ಟಿದ್ದೀಯ ಅಂದೆ. ಏನು ಹೆಸರು ಅಂತ ಹೇಳಲೇ ಇಲ್ಲವಲ್ಲೇ.

ನಿನ್ನ ಅಮ್ಮ