ಕಾಲೆಟ್ ಕೊಳ್ಳುವ ಮೊದಲು ಸ್ಪಿಂಡಲ್ ನೋಡಬೇಕು

ಮಾನ್ಯ ಸಂಪಾದಕರೇ,

ಮನೆಯಲ್ಲಿಯೇ ಸಣ್ಣ ವರ್ಕ್‌ಶಾಪ್ ಕಟ್ಟಿಕೊಳ್ಳುವವರಿಗಾಗಿ ತಮ್ಮ ಪತ್ರಿಕೆ ಈಚೆಗೆ ಪ್ರಕಟಿಸಿದ ಲೇಖನವನ್ನು ಆಸಕ್ತಿಯಿಂದ ಓದಿದೆ. ಯಂತ್ರಗಳ ಆಯ್ಕೆಯ ಬಗ್ಗೆ ಅದರಲ್ಲಿ ಹೇಳಿರುವುದು ಬಹುಮಟ್ಟಿಗೆ ಒಪ್ಪುವಂಥದ್ದೇ. ಆದರೆ ಮೊದಲು ಒಂದು ದೊಡ್ಡ ಕಾಲೆಟ್ (ಟೂಲನ್ನೋ ರಾಡನ್ನೋ ಸುತ್ತಲಿಂದ ಬಿಗಿಹಿಡಿಯುವ ಸೀಳು ಕೊಳವೆ) ಸೆಟ್ ಕೊಂಡುಬಿಡಬೇಕು, ಅಲ್ಲಿಯವರೆಗೆ ಎಂಡ್ ಮಿಲ್ಲನ್ನು (ಪಕ್ಕದಿಂದಲೂ ಲೋಹ ಕತ್ತರಿಸುವ ಕಟ್ಟರನ್ನು) ಡ್ರಿಲ್ ಚಕ್ಕಿನಲ್ಲಿ ಹಿಡಿದು ಕೆಲಸ ಸಾಗಿಸಬಹುದು ಎಂಬ ಸಲಹೆಯ ಎರಡೂ ಭಾಗಗಳಿಗೆ ನನ್ನ ಆಕ್ಷೇಪವಿದೆ.

ಎರಡನೆಯದು ಸುರಕ್ಷತೆಯ ಪ್ರಶ್ನೆಯಾದ್ದರಿಂದ ಅದನ್ನು ಮೊದಲು ಹೇಳುತ್ತೇನೆ. ಡ್ರಿಲ್ ಚಕ್ ಇರುವುದು ಮೇಲಿನಿಂದ ನೇರವಾಗಿ ಬೀಳುವ ಒತ್ತಡವನ್ನು ತಡೆಯುವುದಕ್ಕೆ. ಎಂಡ್ ಮಿಲ್ ಕತ್ತರಿಸುವಾಗ ಒತ್ತಡ ಪಕ್ಕದಿಂದ ಬರುತ್ತದೆ, ಜೊತೆಗೆ ಅದರ ಸುರುಳಿ ಅಂಚು ಟೂಲನ್ನು ಕೆಳಕ್ಕೆ ಎಳೆಯುತ್ತಲೇ ಇರುತ್ತದೆ. ಟೂಲಿನ ಹಿಡಿಯಾದ ಶ್ಯಾಂಕ್ ಗಡಸು, ಚಕ್ಕಿನ ಮೂರು ದವಡೆಗಳೂ ಗಡಸು. ಇವೆರಡರ ನಡುವೆ ಹಿಡಿತವಿರುವುದು ಮೂರು ಕಿರಿದಾದ ಗೆರೆಗಳ ಮೇಲೆ ಮಾತ್ರ. ಇದಕ್ಕಿಂತ ಕೆಟ್ಟದ್ದೆಂದರೆ, ಚಕ್ ಬಹುಮಟ್ಟಿಗೆ ತನ್ನನ್ನು ಸ್ಪಿಂಡಲಿಗೆ (ಯಂತ್ರದ ತಿರುಗುವ ದಂಡಕ್ಕೆ) ಜೋಡಿಸುವ ಆರ್ಬರಿನ ಮೇಲೆ ಒಂದು ಗಿಡ್ಡ ಟೇಪರಿನ (ಶಂಕುವಿನಾಕಾರದ ಕೂಡಿಕೆಯ) ಬಲದಿಂದಷ್ಟೇ ಕೂತಿರುತ್ತದೆ. ಸ್ಪಿಂಡಲಿನ ಹಿಂದಿನಿಂದ ಎಳೆದು ಬಿಗಿಯುವ ಡ್ರಾ ಬಾರ್ ಎಷ್ಟೇ ಬಿಗಿಯಾಗಿದ್ದರೂ ಅದು ಹಿಡಿಯುವುದು ಆರ್ಬರನ್ನೇ ಹೊರತು ಚಕ್ಕನ್ನಲ್ಲ. ಪಕ್ಕದ ಅದುರಿಗೆ ಆ ಟೇಪರ್ ಸಡಿಲಗೊಂಡರೆ ತಿರುಗುತ್ತಿರುವ ಚಕ್ಕೇ ಕಳಚಿ ಬೀಳುತ್ತದೆ.

ಇನ್ನು ಆಯ್ಕೆಯ ವಿಚಾರ. ಸೆಟ್ಟಿನಲ್ಲಿ ಎಷ್ಟು ಕಾಲೆಟ್‌ಗಳಿವೆ ಎಂದು ಕೇಳುವ ಮೊದಲು ಸ್ಪಿಂಡಲಿನ ಬಾಯಿ ಎಂಥದ್ದು, ಅದರೊಳಗಿನ ರಂಧ್ರ ಎಷ್ಟು ಅಗಲ ಎಂಬುದನ್ನು ತಿಳಿದುಕೊಳ್ಳಬೇಕು. ಜಾಬನ್ನು (ಕೆಲಸದ ತುಂಡನ್ನು) ತಿರುಗಿಸಿ ಕಡೆಯುವ ಲೇತಿನಲ್ಲಿ ಈ ರಂಧ್ರವೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಮೋರ್ಸ್ ಟೇಪರ್ ಎಂಬ ಪ್ರಮಾಣಿತ ಶಂಕುವಿನ ಶ್ಯಾಂಕಿರುವ ಇಆರ್ ಚಕ್ (ಇಆರ್ ಎಂಬ ಮಾದರಿಯ ಕಾಲೆಟ್‌ಗಳನ್ನು ಹಿಡಿಯುವ ಚಕ್) ಕೊಂಡು ಸ್ಪಿಂಡಲಿಗೆ ತೂರಿಸಿದರೆ ಅದನ್ನು ಹಿಂದಿನಿಂದ ಡ್ರಾ ಬಾರಿನಲ್ಲಿ ಬಿಗಿಯಬೇಕಾಗುತ್ತದೆ, ಆಗ ರಂಧ್ರವೇ ಮುಚ್ಚಿಹೋಗಿ ಉದ್ದನೆಯ ರಾಡನ್ನು ಒಳಗೆ ಬಿಡುವ ಅನುಕೂಲ ಇಲ್ಲವಾಗುತ್ತದೆ. ಅದೇ ಇಆರ್ ಚಕ್ಕನ್ನು ಸ್ಪಿಂಡಲಿನ ಮುಂಭಾಗಕ್ಕೆ ಬ್ಯಾಕ್ ಪ್ಲೇಟಿನ ಮೂಲಕ ಬೋಲ್ಟ್ ಮಾಡುವ ಮಾದರಿಯಲ್ಲಿ ಕೊಂಡರೆ ರಂಧ್ರ ತೆರೆದೇ ಇರುತ್ತದೆ. ಬ್ಯಾಕ್ ಪ್ಲೇಟಿನ ರಿಜಿಸ್ಟರನ್ನು (ಚಕ್ ಕೂರುವ ಉಬ್ಬು ಅಂಚನ್ನು) ಕೂದಲೆಳೆಯಷ್ಟು ಸಡಿಲ ಬಿಟ್ಟರೆ ಓಲಾಟ ಅಳೆಯುವ ಡಯಲ್ ಇಂಡಿಕೇಟರ್ ಇಟ್ಟು ಚಕ್ಕನ್ನು ತಟ್ಟಿ ನಡುವಿಗೆ ತಂದು ಬಿಗಿಯಲೂಬಹುದು. ಮನೆಯ ಸಣ್ಣ ಲೇತುಗಳಲ್ಲಿ ಅನೇಕವಕ್ಕೆ ಸುಮಾರು 20 ಮಿ.ಮೀ. ರಂಧ್ರವಿರುತ್ತದೆ, ಇಆರ್-32 ಕಾಲೆಟ್ ಹಿಡಿಯುವುದೂ 20 ಮಿ.ಮೀ.ವರೆಗೆ. ಅಂಥ ಲೇತಿಗೆ ಇಆರ್-40 ಕೊಂಡರೆ ಹೆಚ್ಚುವರಿ ಅಳತೆ ತುಂಡು ಜಾಬುಗಳಿಗಷ್ಟೇ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಮಾದರಿಯಾದ 5ಸಿ ಕಾಲೆಟ್‌ಗಳನ್ನು ಮೆಚ್ಚುವವರು ಬಹಳ, ಅದಕ್ಕೆ ಕಾರಣವೂ ಇದೆ. ಚೌಕ ಮತ್ತು ಆರುಮೂಲೆ ರಾಡುಗಳಿಗೆ ಅವು ಸಿಗುತ್ತವೆ, ಮುಂದೆ ಚಾಚಿದ ನಟ್ ಇಲ್ಲದ್ದರಿಂದ ಟೂಲ್ ಹತ್ತಿರ ಬರುತ್ತದೆ, ಒಂದೇ ಅಳತೆಯ ತುಂಡುಗಳನ್ನು ಸಾಲಾಗಿ ಮಾಡುವಾಗ ಲಿವರ್ ಎಳೆದರೆ ಕೆಲಸ ಮುಗಿಯಿತು. ಆದರೆ ಒಂದೊಂದು 5ಸಿ ಕಾಲೆಟ್ ತನ್ನ ಮೇಲೆ ಕೆತ್ತಿರುವ ಅಳತೆಯನ್ನೇ ಹಿಡಿಯುತ್ತದೆ, ಅತ್ತಿತ್ತ ಹೆಚ್ಚು ಹೊಂದಿಕೊಳ್ಳುವುದಿಲ್ಲ. ಅದರ ಒಡಲೇ 31.75 ಮಿ.ಮೀ. ದಪ್ಪವಿರುವುದರಿಂದ ಸಣ್ಣ ಲೇತಿನ ಸ್ಪಿಂಡಲಿನೊಳಗೆ ಅದು ಹೋಗುವುದೂ ಇಲ್ಲ. ಇಆರ್ ಕಾಲೆಟ್ ಸಾಮಾನ್ಯವಾಗಿ 1 ಮಿ.ಮೀ.ವರೆಗೆ ಕುಗ್ಗುತ್ತದೆ, ಹೀಗಾಗಿ 13ರ ಕಾಲೆಟ್ಟಿನಲ್ಲಿ 12.7 ಮಿ.ಮೀ. ದಪ್ಪದ ಅರ್ಧ ಇಂಚಿನ ಶ್ಯಾಂಕೂ ನಿಲ್ಲುತ್ತದೆ. ಬಗೆಬಗೆಯ ಅಳತೆಗಳು ಒಟ್ಟಿಗೆ ಬಂದು ಬೀಳುವ ಮನೆಯ ವರ್ಕ್‌ಶಾಪಿಗೆ ಈ ಗುಣವೇ ಹೆಚ್ಚು ಬೇಕಾದದ್ದು. ಇದಕ್ಕೂ ಒಂದು ಮಿತಿಯಿದೆ. ಇಆರ್ ಕಾಲೆಟ್ ಎರಡೂ ತುದಿಗಳಿಂದ ಸೀಳಿರುವುದರಿಂದ ತುಂಡು ಜಾಬನ್ನು ಬಾಯಿಯಲ್ಲಷ್ಟೇ ಇಟ್ಟರೆ ಹಿಂದಿನ ತುದಿ ಅತಿಯಾಗಿ ಕುಗ್ಗಿ ಹಿಡಿತ ಓರೆಯಾಗುತ್ತದೆ; ಅದೇ ದಪ್ಪದ ಇನ್ನೊಂದು ತುಂಡನ್ನು ಹಿಂದಿನಿಂದ ಇಟ್ಟರೆ ಸರಿಹೋಗುತ್ತದೆ.

ಲೇತಿನಲ್ಲಿ ರನ್‌ಔಟಿನ (ತಿರುಗುವಾಗ ಅಕ್ಷದಿಂದ ಆಚೀಚೆ ಓಲಾಡುವುದರ) ಬಗ್ಗೆ ಅಗತ್ಯಕ್ಕಿಂತ ಹೆಚ್ಚು ಚಿಂತಿಸುವವರನ್ನು ಕಂಡಿದ್ದೇನೆ. ಜಾಬನ್ನು ಒಮ್ಮೆ ಕಟ್ಟಿ, ಬಿಚ್ಚದೆ ಪೂರ್ತಿ ಟರ್ನ್ ಮಾಡಿ (ಕಡೆದು) ಮುಗಿಸುವುದಾದರೆ ಮೂರು ದವಡೆಯ ಚಕ್ಕೇ ಸಾಕು, ಏಕೆಂದರೆ ಟರ್ನ್ ಮಾಡಿದ ಮೈ ತಾನಾಗಿಯೇ ಸ್ಪಿಂಡಲಿನ ಅಕ್ಷಕ್ಕೆ ಹೊಂದಿರುತ್ತದೆ. ಮುಗಿದ ಮೈಯನ್ನು ತಿರುಗಿಸಿ ಮತ್ತೆ ಹಿಡಿಯಬೇಕಾದಾಗ, ಗಾಯವಾಗದಂತೆ ಹಿಡಿಯಬೇಕಾದಾಗ ಕಾಲೆಟ್ ಬೇಕು. ಟೂಲೇ ತಿರುಗಿ ಕತ್ತರಿಸುವ ಮಿಲ್ಲಿಂಗಿನಲ್ಲಿ ಮಾತ್ರ ಚಿಂತೆ ನ್ಯಾಯವಾದದ್ದು. ಎರಡು ಹಲ್ಲಿನ 3 ಮಿ.ಮೀ. ಎಂಡ್ ಮಿಲ್ಲಿಗೆ ಹಲ್ಲೊಂದಕ್ಕೆ 0.02 ಮಿ.ಮೀ. ಫೀಡ್ (ಮುನ್ನಡೆ) ಕೊಟ್ಟಿದ್ದೇವೆ ಎಂದುಕೊಳ್ಳೋಣ. ಟೂಲಿನ ತುದಿಯಲ್ಲಿ ರನ್‌ಔಟೂ ಅಷ್ಟೇ ಇದ್ದರೆ ಒಂದು ಹಲ್ಲೇ ಬಹುಪಾಲು ಲೋಹವನ್ನು ಕತ್ತರಿಸುತ್ತದೆ, ಇನ್ನೊಂದು ಸುಮ್ಮನೆ ಸವರಿಕೊಂಡು ಹೋಗುತ್ತದೆ. ಆ ರನ್‌ಔಟಿಗೆ ಸ್ಪಿಂಡಲ್, ಹೋಲ್ಡರ್, ನಟ್, ಕಾಲೆಟ್ ನಾಲ್ಕೂ ಪಾಲುದಾರರು. ಅಗ್ಗದ ಹೋಲ್ಡರಿನಲ್ಲಿ ದುಬಾರಿ ಕಾಲೆಟ್ ಕೂರಿಸಿ ಪ್ರಯೋಜನವಿಲ್ಲ.

ಮಿಲ್ಲಿಗೆ ಹೋಲ್ಡರ್ ಆರಿಸುವಾಗ ಎತ್ತರವನ್ನೂ ಲೆಕ್ಕ ಹಾಕಬೇಕು. ಸ್ಪಿಂಡಲಿನ ಬಾಯಿ ಆರ್8 (ಮಿಲ್ಲುಗಳ ಇನ್ನೊಂದು ಪ್ರಮಾಣಿತ ಟೇಪರ್) ಅಥವಾ ಮೋರ್ಸ್ ಟೇಪರ್ ಆಗಿದ್ದರೆ ಆ ಟೇಪರಿಗೇ ನೇರವಾಗಿ ಕೂರುವ ಕಾಲೆಟ್‌ಗಳು ಟೂಲನ್ನು ಸ್ಪಿಂಡಲಿನ ಬಾಯಿಗೆ ಅಂಟಿದಂತೆ ಹಿಡಿಯುತ್ತವೆ. ಸಣ್ಣ ಯಂತ್ರದಲ್ಲಿ ಇದರಿಂದ ಸಿಗುವ ಬಿಗುವು, ಉಳಿಯುವ ಜಾಗ ಎರಡೂ ದೊಡ್ಡವು. ಟೂಲ್ ಬದಲಿಸುವಾಗಲೆಲ್ಲ ಡ್ರಾ ಬಾರ್ ಸಡಿಲಿಸಬೇಕು, ಮೋರ್ಸ್ ಟೇಪರಾದರೆ ಮೇಲಿನಿಂದ ತಟ್ಟಲೂ ಬೇಕು ಎಂಬುದು ಇದರ ತೊಂದರೆ. ನನ್ನ ಅಭಿಪ್ರಾಯದಲ್ಲಿ ಲೇತಿಗೂ ಮಿಲ್ಲಿಗೂ ಒಂದೇ ಇಆರ್-32 ಬಳಗವನ್ನು ಇಟ್ಟುಕೊಂಡು, ಮಿಲ್ಲಿನ ಭಾರದ ಕೆಲಸಕ್ಕೆಂದು ಹೆಚ್ಚು ಬಳಸುವ ಒಂದೆರಡು ಅಳತೆಗಳಲ್ಲಿ ನೇರ ಕಾಲೆಟ್ ಸೇರಿಸಿಕೊಳ್ಳುವುದು ಜಾಣತನ. ದಪ್ಪ ಕಟ್ಟರುಗಳಿಗೆ ಪಕ್ಕದಿಂದ ಸ್ಕ್ರೂ ಬಿಗಿಯುವ ಹೋಲ್ಡರೂ ಒಳ್ಳೆಯದೇ: ಸ್ಕ್ರೂ ಟೂಲನ್ನು ತುಸು ಒಂದು ಬದಿಗೆ ತಳ್ಳುತ್ತದೆ ನಿಜ, ಆದರೆ ಟೂಲ್ ಕೆಳಕ್ಕೆ ಜಾರುವುದಿಲ್ಲ. ಕಟ್ಟರಿನ ಶ್ಯಾಂಕಿನಲ್ಲಿ ಅದಕ್ಕೆ ತಕ್ಕ ಚಪ್ಪಟೆ ಜಾಗವಿರಬೇಕು, ಅಷ್ಟೇ.

ಇಆರ್ ಕಾಲೆಟ್ಟಿನಲ್ಲಿ ಟೂಲ್ ಜಾರಿತು ಎಂಬ ದೂರು ಬಂದಾಗ ನಾನು ಮೊದಲು ಕೇಳುವುದು ಸ್ಪ್ಯಾನರಿನ ಉದ್ದ. ಇಆರ್-32 ನಟ್ಟಿಗೆ ತಯಾರಕರು ಹೇಳುವ ಬಿಗಿ 100 ನ್ಯೂಟನ್-ಮೀಟರಿಗೂ ಹೆಚ್ಚು. ಗೇಣುದ್ದದ ಸ್ಪ್ಯಾನರಿನಲ್ಲಿ ಕೈ ನೋಯುವಷ್ಟು ಎಳೆದರೂ ಅದು ದೊರೆಯುವುದಿಲ್ಲ.

ಕೊನೆಯದಾಗಿ ಒಂದು ವಿನಂತಿ. ಲೇಖನದ ಜೊತೆಗಿನ ಚಿತ್ರದಲ್ಲಿ ಕಾಲೆಟ್ಟನ್ನು ಹೋಲ್ಡರಿನೊಳಗೆ ಇಟ್ಟು ಮೇಲಿನಿಂದ ನಟ್ ತಿರುಗಿಸುವಂತೆ ತೋರಿಸಲಾಗಿದೆ. ಇಆರ್ ಕಾಲೆಟ್ಟನ್ನು ತುಸು ಓರೆ ಮಾಡಿ ಮೊದಲು ನಟ್ಟಿನೊಳಗಿನ ಉಂಗುರಕ್ಕೆ ಕ್ಲಿಕ್ ಎನ್ನುವಂತೆ ಕೂರಿಸಬೇಕು, ಆಮೇಲೆ ಎರಡನ್ನೂ ಒಟ್ಟಿಗೆ ಹೋಲ್ಡರಿಗೆ ಹಚ್ಚಬೇಕು. ಆ ಉಂಗುರವೇ ನಟ್ ಬಿಚ್ಚುವಾಗ ಕಾಲೆಟ್ಟನ್ನು ಹೊರಗೆಳೆಯುವುದು. ಚಿತ್ರದಲ್ಲಿರುವಂತೆ ಮಾಡಿದರೆ ಕಾಲೆಟ್ ಓರೆಯಾಗಿ ಕೂತು ಅದರ ಅಂಚು ಹಾಳಾಗುತ್ತದೆ, ನಟ್ ಬಿಚ್ಚಿದ ಮೇಲೂ ಹೋಲ್ಡರಿನಲ್ಲೇ ಸಿಕ್ಕಿಕೊಳ್ಳುತ್ತದೆ. ದಯವಿಟ್ಟು ಮುಂದಿನ ಸಂಚಿಕೆಯಲ್ಲಿ ಆ ಚಿತ್ರವನ್ನು ಸರಿಪಡಿಸಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ